ಅಟ್ಟದ ಚೀನಿಕಾಯಿ ಕೊಳೆಯಿತು, ಬೀಜ ಉಳಿದಿದೆಯಾ? ಲಕ್ಷಣ ನೋಡಿ ತಿಳಿಯುವ ಬಗೆ

ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದ ಚೀನಿಕಾಯಿಯನ್ನು, ಅಂದರೆ ಸಿಹಿಕುಂಬಳವನ್ನು, ಮಳೆಗಾಲಕ್ಕೆಂದು ಬಾಳೆನಾರಿನಲ್ಲಿ ಕಟ್ಟಿ ಪಕ್ಕಾಸಿಗೆ, ಅಂದರೆ ಮಾಡಿನ ಮರದ ಪಟ್ಟಿಗೆ, ತೂಗುಹಾಕುವುದು ಉಡುಪಿ, ಮಂಗಳೂರು ಕಡೆಯ ಹಳ್ಳಿಮನೆಗಳಲ್ಲಿ ಇನ್ನೂ ಇದೆ. ಪಕ್ಕದಲ್ಲೇ ಬೂದುಕುಂಬಳ, ಮಂಗಳೂರು ಸೌತೆ. ತುಳುವರ ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಷ್ಟರಲ್ಲಿ ಒಂದೆರಡು ಕಾಯಿ ಕೈಕೊಟ್ಟೇ ಕೊಡುತ್ತವೆ. ಅದು ಬೀಜಕ್ಕೆಂದೇ ಇಟ್ಟ ಕಾಯಿಯಾಗಿದ್ದರೆ ಹೊಟ್ಟೆ ಉರಿಯುತ್ತದೆ.

ಆಗ ಕೆಲವರು ಇಡೀ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ಇನ್ನು ಕೆಲವರು ಸಿಕ್ಕಿದ ಬೀಜವನ್ನೆಲ್ಲ ಬಾಚಿ, ತೊಳೆದು, ಕಾಗದದಲ್ಲಿ ಕಟ್ಟಿಡುತ್ತಾರೆ. ಎರಡೂ ಬೇಡ. ತಿರುಳು ಕೊಳೆತ ಮಾತ್ರಕ್ಕೆ ಬೀಜ ಸತ್ತಿರುವುದಿಲ್ಲ, ಗಟ್ಟಿ ಸಿಪ್ಪೆಯೊಳಗೆ ಅದು ಸಾಕಷ್ಟು ತಡೆದುಕೊಳ್ಳುತ್ತದೆ. ಕೊಳೆ ಯಾವ ತರದ್ದು, ಬೀಜದವರೆಗೆ ಮುಟ್ಟಿದೆಯಾ ಅನ್ನುವುದನ್ನು ನೋಡಿ ತೀರ್ಮಾನ ಮಾಡಬೇಕು. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕರಾವಳಿಯಲ್ಲಿ ಒಳ್ಳೆಯ ಬೀಜ ಹಾಳಾಗುವುದು ಹೆಚ್ಚಾಗಿ ಕಾಯಿಯಿಂದ ಹೊರಗೆ ತೆಗೆದ ಮೇಲೆ, ಸರಿಯಾಗಿ ಒಣಗದೆ. ಹಾಗಾಗಿ ಒಣಗಿಸುವ ಭಾಗವನ್ನು ದಯವಿಟ್ಟು ಪೂರ್ತಿ ಓದಿ.

ಕಾಯಿ ಇಳಿಸುವ ಮೊದಲು

ಕೊಳೆತ ಕಾಯಿಯ ತೊಟ್ಟು ಕಳಚಿರುತ್ತದೆ, ನಾರು ಜಾರುತ್ತದೆ. ಕೆಳಗೆ ನಿಂತು ಎಳೆಯಬೇಡಿ. ಏಣಿ ಹತ್ತಿ, ಅಡಿಗೆ ಗೋಣಿಚೀಲ ಹಿಡಿದು ಇಳಿಸಿ. ಕತ್ತರಿಸುವುದು ಅಂಗಳದಲ್ಲೋ ಹಟ್ಟಿಯ ಬದಿಯಲ್ಲೋ ಆಗಲಿ, ಅಡುಗೆಮನೆಯಲ್ಲಿ ಬೇಡ. ಬೂಷ್ಟು ಕಂಡರೆ ಮೂಗಿಗೆ ಮಾಸ್ಕ್ ಹಾಕಿ. ಉಬ್ಬಸ, ಅಲರ್ಜಿ ಇದ್ದವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಇರಲಿ. ಕತ್ತಿಯನ್ನು ಆಮೇಲೆ ಸೋಪು ಹಾಕಿ ತೊಳೆದು ಒಣಗಿಸಿ, ಅದೇ ಕತ್ತಿಯಲ್ಲಿ ಒಳ್ಳೆಯ ಕಾಯಿ ಮುಟ್ಟಬೇಡಿ.

ಒಂದು ಕಡೆ ಮಾತ್ರ ಮೆತ್ತಗಾಗಿದೆ, ಉಳಿದದ್ದು ಗಟ್ಟಿ

ಇದು ಎಲ್ಲಕ್ಕಿಂತ ಸುಲಭದ ಕೇಸು. ನಾರು ಒತ್ತಿದ ಜಾಗ, ನೆಲಕ್ಕೆ ತಾಗಿದ ಬುಡ, ಇಲ್ಲವೇ ತೊಟ್ಟು ಮುರಿದ ಜಾಗದಲ್ಲಿ ಮೆತ್ತಗಾಗಿರುತ್ತದೆ. ಹೆಬ್ಬೆರಳಲ್ಲಿ ಸುತ್ತ ಒತ್ತಿ ನೋಡಿ, ಗಟ್ಟಿ ಇರುವ ಕಡೆಯಿಂದಲೇ ಕತ್ತಿ ಹಾಕಿ. ಕೊಳೆತ ಜಾಗದಿಂದ ಕತ್ತಿ ಹಾಯಿಸಿದರೆ ಆ ಕೊಳೆಯನ್ನು ನಾವೇ ಬೀಜದವರೆಗೆ ಒಯ್ದ ಹಾಗಾಗುತ್ತದೆ.

ಹೋಳು ಮಾಡಿದ ಮೇಲೆ ಒಳಗಿನ ನಾರು ನೋಡಿ. ಅದು ಅರಶಿನ ಇಲ್ಲವೇ ಕಿತ್ತಳೆ ಬಣ್ಣದಲ್ಲಿ, ಬೀಜವನ್ನು ಬಿಗಿಯಾಗಿ ಹಿಡಿದಿದ್ದರೆ ಕೊಳೆ ಒಳಗೆ ಬಂದಿಲ್ಲ. ಆದರೂ ಸುಮ್ನೆ ನಂಬಬೇಡಿ, ಬೀಜವನ್ನು ಒಡೆದು ನೋಡಿ. ಮೂರು ಬೇರೆ ಬೇರೆ ಜಾಗದಿಂದ ಒಂದೊಂದು ಬೀಜ ತೆಗೆಯಿರಿ. ಅಂಚಿಗೆ ಉಗುರು ಹಾಕಿ ಬಿಡಿಸಿದರೆ ಮೊದಲು ಕೆನೆಬಣ್ಣದ ಸಿಪ್ಪೆ, ಅದರೊಳಗೆ ಕಾಗದಕ್ಕಿಂತ ತೆಳುವಾದ ಹಸಿರು ಪೊರೆ, ಅದರೊಳಗೆ ಒಂದಕ್ಕೊಂದು ಅಂಟಿಕೊಂಡ ಎರಡು ಬೇಳೆ. ಬೇಳೆ ಬೆಳ್ಳಗೆ, ಗಟ್ಟಿಯಾಗಿ, ಉಗುರಿಗೆ ಸ್ವಲ್ಪ ಎಣ್ಣೆ ಜಿಡ್ಡು ತಾಗುವ ಹಾಗಿದ್ದರೆ ಬೀಜ ಜೀವಂತ ಇರುವ ಸಾಧ್ಯತೆ ಜಾಸ್ತಿ. ಬೂದು, ಕಂದು, ನೀರುನೀರು, ಕೆಟ್ಟ ವಾಸನೆ ಇದ್ದರೆ ಆ ಬೀಜ ಹೋಯಿತು ಅಂತಲೇ ಲೆಕ್ಕ. ಮುಂದೆ ಬರುವ ಎಲ್ಲ ಲಕ್ಷಣಕ್ಕೂ ಇದೇ ಪರೀಕ್ಷೆ ಬೇಕಾಗುತ್ತದೆ.

ಉಳಿದ ತಿರುಳಿನಿಂದ ಸಾಂಬಾರು, ಪಲ್ಯ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೂಷ್ಟು ಒಳಗೆ ಬಂದಿದ್ದರೆ, ನೀರೊಡೆದಿದ್ದರೆ, ಹುಳಿ ವಾಸನೆ ಇದ್ದರೆ ಬೇಡವೇ ಬೇಡ. ಕುದಿಸಿದರೆ ಬೂಷ್ಟಿನ ವಿಷವೆಲ್ಲ ಹೋಗುತ್ತದೆ ಅನ್ನುವುದು ತಪ್ಪು ಕಲ್ಪನೆ. ಬೂಷ್ಟು ಬಂದದ್ದನ್ನು ದನಕ್ಕೂ ಹಾಕಬೇಡಿ.

ನೀರು ಸೋರುತ್ತಿದೆ, ನಾತ ಹೊಡೆಯುತ್ತಿದೆ

ಲೋಳೆಲೋಳೆ ನೀರು, ತಡೆಯಲಾಗದ ವಾಸನೆ ಅಂದರೆ ಬ್ಯಾಕ್ಟೀರಿಯಾ ಕೊಳೆ. ಗಾಯವಾದ ಜಾಗದಿಂದ ಅದು ಒಳಗೆ ಹೋಗಿರುತ್ತದೆ. ಬೂದುಬಣ್ಣದ ಕೂದಲಿನ ಹಾಗೆ ಬೆಳೆದು, ತುದಿಯಲ್ಲಿ ಕಪ್ಪು ಗುಂಡುಸೂಜಿ ತಲೆ ಕಂಡರೆ ಬ್ರೆಡ್ಡಿನ ಮೇಲೆ ಬರುವ ಜಾತಿಯ ಬೂಷ್ಟು. ಎರಡೂ ಹೆಚ್ಚಾಗಿ ತಿರುಳನ್ನು ತಿನ್ನುತ್ತವೆ. ಬೀಜ ಉಳಿದಿರಬಹುದು, ಆದರೆ ಆ ರಾಡಿಯಲ್ಲಿ ನೆನೆದಷ್ಟೂ ಸಾಯುತ್ತಾ ಹೋಗುತ್ತದೆ. ಹಾಗಾಗಿ ಕಂಡ ದಿನವೇ ಕೆಲಸ ಮುಗಿಸಿ.

ಬಕೆಟ್ ನೀರಿಗೆ ಎಲ್ಲ ಸುರಿದು, ಕೈಯಲ್ಲಿ ಹಿಸುಕಿ, ಜರಡಿಗೆ ಹಾಕಿ ನಲ್ಲಿಯ ನೀರಿನಡಿ ಉಜ್ಜಿ ತೊಳೆಯಿರಿ. ಲೋಳೆ ಪೂರ್ತಿ ಹೋಗಬೇಕು, ಉಳಿದರೆ ಅದರ ಮೇಲೆಯೇ ಮತ್ತೆ ಬೂಷ್ಟು ಹತ್ತುತ್ತದೆ. ಸೌತೆಬೀಜವನ್ನು ಒಂದೆರಡು ದಿನ ಹುಳಿ ಬರಿಸಿ ತೊಳೆಯುವ ಕ್ರಮ ಇದೆ, ಅದರ ಸುತ್ತ ಲೋಳೆ ಪೊರೆ ಇರುವುದರಿಂದ. ಚೀನಿಕಾಯಿಗೆ ಅದು ಬೇಕಾಗಿಲ್ಲ. ನೀರಲ್ಲಿ ಬಿಟ್ಟರೆ ಬೀಜ ನೆನೆದು ಮೊಳಕೆಗೆ ಹೊರಡುತ್ತದೆ. ತೊಳೆದ ಮೇಲೆ ಹತ್ತು ಬೀಜ ಒಡೆದು ನೋಡಿ. ಅರ್ಧಕ್ಕಿಂತ ಜಾಸ್ತಿ ಕಂದಾಗಿದ್ದರೆ ಬಿಟ್ಟುಬಿಡಿ, ಆ ಶ್ರಮಕ್ಕೆ ಫಲ ಇಲ್ಲ.

ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ, ಗುಳಿಬಿದ್ದ ಕಲೆ, ಗುಲಾಬಿ ಬೂಷ್ಟು

ಇಲ್ಲಿ ಸ್ವಲ್ಪ ನಿಲ್ಲಿ. ಕಂದು ಇಲ್ಲವೇ ಕಪ್ಪು ಮಚ್ಚೆ, ಅದರ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳ ರಾಶಿ ಇದ್ದರೆ ಅದು ಕಪ್ಪು ಕೊಳೆ ರೋಗ. ಬಳ್ಳಿಯ ಕಾಂಡದಲ್ಲಿ ಅಂಟು ಸುರಿಸುವುದೂ ಇದೇ ಶಿಲೀಂಧ್ರ. ತಗ್ಗಾದ ದುಂಡು ಕಲೆ, ತೇವದಲ್ಲಿ ಅದರ ಮೇಲೆ ಗುಲಾಬಿ, ಕಿತ್ತಳೆ ಬಣ್ಣದ ಅಂಟು ಕಂಡರೆ ಚಿಬ್ಬು ರೋಗ. ಇವೆರಡೂ ಬೀಜದ ಜೊತೆಗೇ ಮುಂದಿನ ಬೆಳೆಗೆ ಬರುತ್ತವೆ. ನೋಡಲು ಬೀಜ ಚೆನ್ನಾಗಿಯೇ ಇರುತ್ತದೆ, ಮೊಳಕೆಯೂ ಬರುತ್ತದೆ, ರೋಗವೂ ಜೊತೆಗೆ ಬರುತ್ತದೆ.

ನನ್ನ ಅಭಿಪ್ರಾಯ ನೇರ: ಅದೇ ತಳಿಯ ಬೇರೆ ಒಳ್ಳೆಯ ಕಾಯಿ ನಿಮ್ಮಲ್ಲೋ ನೆರೆಮನೆಯಲ್ಲೋ ಇದ್ದರೆ ಈ ಬೀಜದ ಆಸೆ ಬಿಡಿ. ಅಜ್ಜಿಯ ಕಾಲದಿಂದ ಬಂದ ತಳಿ, ಇದೊಂದೇ ಕಾಯಿ ಉಳಿದದ್ದು ಅಂದರೆ ಮಾತ್ರ ಪ್ರಯತ್ನ ಮಾಡಿ. ಕೊಳೆ ಮುಟ್ಟದ ಬದಿಯ ಬೀಜ ಮಾತ್ರ ತೆಗೆದು, ಚೆನ್ನಾಗಿ ತೊಳೆದು, ಸುವಾಸನೆ ಸೇರಿಸದ ಬಟ್ಟೆ ಬ್ಲೀಚ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಸೇರಿಸಿ, ಅದರಲ್ಲಿ ಒಂದು ನಿಮಿಷ ಅಲ್ಲಾಡಿಸಿ. ಆಮೇಲೆ ಐದು ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ. ಇದು ಸಿಪ್ಪೆಯ ಮೇಲಿನ ರೋಗಾಣುವನ್ನು ಮಾತ್ರ ಕೊಲ್ಲುತ್ತದೆ, ಒಳಗೆ ಹೊಕ್ಕದ್ದನ್ನಲ್ಲ. ಬ್ಲೀಚನ್ನು ವಿನೆಗರ್, ಲಿಂಬೆ, ಟಾಯ್ಲೆಟ್ ಕ್ಲೀನರ್ ಯಾವುದರ ಜೊತೆಗೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಕಿಟಕಿ ತೆರೆದಿರಲಿ, ಕಣ್ಣಿಗೆ ಹಾರದಿರಲಿ. ಬಿಸಿನೀರಿನಲ್ಲಿ ಅದ್ದುವ ಉಪಾಯ ಕುಂಬಳದಂಥ ದೊಡ್ಡ ಬೀಜಕ್ಕೆ ಒಗ್ಗುವುದಿಲ್ಲ, ಮೊಳಕೆಯೇ ಕೆಡುತ್ತದೆ. ಹೀಗೆ ಉಳಿಸಿದ ಬೀಜವನ್ನು ಬೇರೆಯವರಿಗೆ ಹಂಚಬೇಡಿ. ಮೊದಲು ದೂರದ ಒಂದು ಮೂಲೆಯಲ್ಲಿ ಹಾಕಿ ಬೆಳೆಸಿ ನೋಡಿ.

ಯಾವ ರೋಗ ಅಂತ ಗೊತ್ತಾಗದಿದ್ದರೆ ಕಾಯಿಯ ತುಂಡನ್ನು ಕಾಗದದಲ್ಲಿ ಸುತ್ತಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಉಡುಪಿಯವರಿಗೆ ಬ್ರಹ್ಮಾವರದಲ್ಲಿದೆ, ದಕ್ಷಿಣ ಕನ್ನಡದವರಿಗೆ ಮಂಗಳೂರಿನ ಕಂಕನಾಡಿಯಲ್ಲಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ದಾರಿಯಲ್ಲೇ ಕರಗಿ ಗುರುತು ಸಿಗದ ಹಾಗಾಗುತ್ತದೆ. ಫೋಟೋ ಕಾಯಿ ಕತ್ತರಿಸುವ ಮೊದಲೇ ತೆಗೆದಿಡಿ.

ಒಳಗೆ ಬಿಳಿ ಹುಳು ಕುಪ್ಪಳಿಸುತ್ತಿದೆ

ಹಣ್ಣುನೊಣದ ಮರಿ. ಕಾಯಿ ಎಳೆಯದಾಗಿರುವಾಗಲೇ ನೊಣ ಚುಚ್ಚಿ ಮೊಟ್ಟೆ ಇಟ್ಟಿರುತ್ತದೆ. ಚುಚ್ಚಿದ ಕಾಯಿ ಸರಿಯಾಗಿ ಬಲಿಯದೆ ಬೀಜವೂ ಜೊಳ್ಳಾಗಿರುವುದೇ ಜಾಸ್ತಿ. ಒಡೆದು ನೋಡಿ, ಬಲಿತದ್ದಿದ್ದರೆ ಇಟ್ಟುಕೊಳ್ಳಿ. ಆದರೆ ಆ ತಿರುಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಹುಳು ಮಣ್ಣಿಗಿಳಿದು ಕೋಶ ಕಟ್ಟಿ, ನೊಣವಾಗಿ ನಿಮ್ಮ ಹೀರೆ, ಹಾಗಲಕ್ಕೇ ಬರುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಇಟ್ಟು ಸಾಯಿಸಿ, ಆಮೇಲೆ ಹೂಳಿ.

ಬೀಜ ಕಾಯಿಯೊಳಗೇ ಮೊಳಕೆ ಒಡೆದಿದೆ

ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಬೆಚ್ಚಗೆ ಇಟ್ಟರೆ ಹೀಗಾಗುತ್ತದೆ. ಬಾಲ ಹೊರಗೆ ಬಂದ ಬೀಜವನ್ನು ಒಣಗಿಸಿ ಇಡಲು ಆಗುವುದಿಲ್ಲ, ಒಣಗಿಸಿದರೆ ಸಾಯುತ್ತದೆ. ಮಾಡಿನ ಅಡಿಯಲ್ಲಿ ಕವರಿನಲ್ಲೋ ಸಸಿತಟ್ಟೆಯಲ್ಲೋ ಕೂಡಲೇ ಹಾಕಿ, ಮಳೆಯ ಹೊಡೆತ ತಾಗದಂತೆ ಇಡಿ. ಬಾಲ ಬಾರದ ಬೀಜವನ್ನು ಬೇರೆ ಮಾಡಿ ಒಣಗಿಸಿ. ಸಿಪ್ಪೆಯ ಮೂತಿ ಬಿರುಕು ಬಿಟ್ಟದ್ದನ್ನೂ ಮೊಳಕೆಯ ಗುಂಪಿಗೇ ಸೇರಿಸಿ.

ಬೀಜ ಚಪ್ಪಟೆಯಾಗಿದೆ, ನೀರಲ್ಲಿ ತೇಲುತ್ತದೆ

ತೇಲಿದ್ದೆಲ್ಲ ಜೊಳ್ಳು ಅನ್ನುವ ಲೆಕ್ಕ ಚೀನಿಕಾಯಿಗೆ ಹಿಡಿಯಬೇಡಿ. ಇದರ ಸಿಪ್ಪೆಗೂ ಬೇಳೆಗೂ ನಡುವೆ ಗಾಳಿ ಇರುತ್ತದೆ, ಒಳ್ಳೆಯ ಬೀಜವೂ ತೇಲುತ್ತದೆ. ನೀರಿನ ಪರೀಕ್ಷೆ ನಂಬಿ ಎಷ್ಟೋ ಒಳ್ಳೆಯ ಬೀಜ ಚರಂಡಿ ಸೇರುತ್ತದೆ. ಒಣಗಿದ ಮೇಲೆ ಬೆರಳ ನಡುವೆ ಒತ್ತಿ ನೋಡಿ: ನಡುವೆ ಉಬ್ಬಿ ಗಟ್ಟಿ ತಾಗಿದರೆ ಇಡಿ, ಎರಡು ಸಿಪ್ಪೆ ಒಂದಕ್ಕೊಂದು ತಾಗಿದರೆ ಜೊಳ್ಳು.

ಹೆಚ್ಚಿನ ಬೀಜ ಜೊಳ್ಳಾದರೆ ಕಾಯಿ ಬಲಿಯುವ ಮೊದಲೇ ಕೊಯ್ದಿದ್ದೀರಿ ಅಂತ ಅರ್ಥ. ತೊಟ್ಟು ಬೆಂಡಿನ ಹಾಗೆ ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಅಂಥ ಕಾಯಿಯನ್ನು ಕೊಯ್ದ ಮೇಲೂ ಮೂರ್ನಾಲ್ಕು ವಾರ ಇಟ್ಟರೆ ಬೀಜ ಒಳಗೇ ಇನ್ನೂ ತುಂಬಿಕೊಳ್ಳುತ್ತದೆ. ಬೀಜದ ಕಾಯಿಯನ್ನು ಮಳೆಗಾಲದ ಕೊನೆವರೆಗೆ ಇಡುವ ಅಗತ್ಯವೇ ಇಲ್ಲ. ಏಪ್ರಿಲ್‌ನಲ್ಲಿ ಕೊಯ್ದರೆ ಮೇ ತಿಂಗಳ ಬಿಸಿಲಿರುವಾಗಲೇ ಬೀಜ ತೆಗೆದು ಮುಗಿಸಬಹುದು, ಅಲ್ವಾ?

ತೊಳೆದ ಬೀಜ ಎಷ್ಟು ದಿನವಾದರೂ ಒಣಗುತ್ತಿಲ್ಲ

ನಮ್ಮ ಕಡೆಯ ದೊಡ್ಡ ತೊಂದರೆ ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು ತುಂಬಿರುತ್ತದೆ, ತೇವಾಂಶ ಎಷ್ಟೋ ದಿನ ಶೇಕಡಾ 90 ದಾಟುತ್ತದೆ. ಬೀಜ ತನ್ನ ಸುತ್ತಲಿನ ಗಾಳಿಗಿಂತ ಜಾಸ್ತಿ ಒಣಗಲು ಸಾಧ್ಯವಿಲ್ಲ. ಆಟಿಯ ಮಳೆಯಲ್ಲಿ ಜಗಲಿಯಲ್ಲಿ ಹರಡಿದ ಬೀಜ ಮುಟ್ಟಲು ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಅದನ್ನೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಕೆಲವೇ ದಿನದಲ್ಲಿ ಬೂಷ್ಟು.

ಮೊದಲ ಹಂತ, ಮೇಲಿನ ನೀರು ಆರಿಸುವುದು. ಗೆರಸೆ, ಸ್ಟೀಲ್ ತಟ್ಟೆ, ಸೊಳ್ಳೆಪರದೆ ಬಿಗಿದ ಚೌಕಟ್ಟು ಯಾವುದೂ ಆಗುತ್ತದೆ. ಪೇಪರಿನ ಮೇಲೆ ಬೇಡ, ಬೀಜ ಅಂಟಿ ಹಿಡಿಯುತ್ತದೆ, ಬಿಡಿಸುವಾಗ ಸಿಪ್ಪೆ ಕಿತ್ತು ಬರುತ್ತದೆ. ಒಂದೇ ಪದರವಾಗಿ ಹರಡಿ ಫ್ಯಾನಿನಡಿ ಇಡಿ, ದಿನಕ್ಕೆ ಮೂರ್ನಾಲ್ಕು ಸಲ ಕೈಯಾಡಿಸಿ. ಮೊದಲ ದಿನ ಜಾರುವ ಬೀಜ ಎರಡನೇ ದಿನ ಕೈಗೆ ಅಂಟುತ್ತದೆ. ಆಮೇಲೆ ಮೇಲಿನ ಪಾರದರ್ಶಕ ಪೊರೆ ಸುಲಿದು ಹಾರತೊಡಗುತ್ತದೆ. ಇಲ್ಲಿಗೆ ಮುಗಿಯಿತು ಅಂತ ಸುಮಾರು ಜನ ನಿಲ್ಲಿಸುತ್ತಾರೆ. ಇನ್ನೂ ಅರ್ಧ ಕೆಲಸ ಬಾಕಿ ಇದೆ.

ಎರಡನೇ ಹಂತ, ಗಾಳಿಯನ್ನೇ ಒಣಗಿಸುವುದು. ಅದೇ ಗಾಳಿಯನ್ನು ಹತ್ತು ಡಿಗ್ರಿ ಬಿಸಿ ಮಾಡಿದರೆ ಅದರ ತೇವಾಂಶದ ಶೇಕಡಾ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಹಿರಿಯರು ಬೀಜವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದು ಇದಕ್ಕೇ, ಹೊಗೆಯಿಂದ ಹುಳವೂ ದೂರ ಇರುತ್ತಿತ್ತು. ಈಗಲೂ ಬಚ್ಚಲ ಒಲೆ ಇದ್ದವರು ಒಲೆಯಿಂದ ಸಾಕಷ್ಟು ದೂರದಲ್ಲಿ, ಕೈ ಇಟ್ಟರೆ ಹಿತವಾದ ಬಿಸಿ ತಾಗುವ ಕಡೆ ಗೆರಸೆ ತೂಗಬಹುದು. ಆದರೆ ಸ್ನಾನದ ಆವಿ ತಾಗದ ಹಾಗೆ. ಫ್ಲ್ಯಾಟಿನಲ್ಲಿರುವವರಿಗೆ ಎಸಿ ಹಾಕುವ ಕೋಣೆ ಒಳ್ಳೆಯದು, ಎಸಿ ಗಾಳಿಯ ನೀರನ್ನು ತೆಗೆಯುತ್ತದೆ. ಬಲ್ಬಿನ ಪೆಟ್ಟಿಗೆ ಮಾಡುವುದಾದರೆ ಹಳೆಯ ತಂತಿ ಬಲ್ಬು ಬೇಕು, ಎಲ್‌ಇಡಿಯಲ್ಲಿ ಅಷ್ಟು ಬಿಸಿ ಇಲ್ಲ. ರಟ್ಟಿಗೂ ಬಟ್ಟೆಗೂ ಬಲ್ಬು ತಾಗಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು, ರಾತ್ರಿ ಉರಿಯಲು ಬಿಟ್ಟು ಮಲಗಬಾರದು. ಬೆಂಕಿ ಹಿಡಿಯುತ್ತದೆ. ಯಾವ ವಿಧಾನವಾದರೂ ಬೀಜದ ಬಳಿ ಬಿಸಿ 35 ಡಿಗ್ರಿ ದಾಟದಿರಲಿ. ಹಸಿ ಬೀಜ ಜಾಸ್ತಿ ಬಿಸಿಗೆ ಬೆಂದುಹೋಗುತ್ತದೆ. ಒವನ್, ಬಾಣಲೆ, ತಗಡಿನ ಮೇಲಿನ ಮಧ್ಯಾಹ್ನದ ಬಿಸಿಲು ಯಾವುದೂ ಬೇಡ.

ಮೂರನೇ ಹಂತ, ಡಬ್ಬಿಯೊಳಗೆ ಕೊನೆಯ ತೇವ ಎಳೆಯುವುದು. ಬೀಜದಷ್ಟೇ ತೂಕದ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಕಟ್ಟಿ, ಬೀಜದ ಜೊತೆ ಗಾಜಿನ ಭರಣಿಯಲ್ಲಿ ಒಂದು ವಾರ ಮುಚ್ಚಿಡಿ. ನೀಲಿ ಬಣ್ಣದ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಮಕ್ಕಳ ಕೈಗೆ ಸಿಗದಿರಲಿ, ಕಿತ್ತಳೆ ಹರಳು ಸಿಕ್ಕಿದರೆ ಅದನ್ನೇ ತನ್ನಿ. ಜೆಲ್ ಇಲ್ಲದಿದ್ದರೆ ಅಕ್ಕಿಯನ್ನು ಬಣ್ಣ ತಿರುಗದ ಹಾಗೆ ಚೆನ್ನಾಗಿ ಹುರಿದು, ಮುಚ್ಚಿದ ಪಾತ್ರೆಯಲ್ಲೇ ಪೂರ್ತಿ ಆರಿಸಿ, ಒಂದು ಪಾಲು ಬೀಜಕ್ಕೆ ಎರಡು ಪಾಲು ಹಾಕಿ. ಎರಡು ವಾರ ಇಡಿ.

ಒಣಗಿತು ಅಂತ ತಿಳಿಯಲು ಯಂತ್ರ ಬೇಡ. ಒಂದು ಬೀಜವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬಳುಕಿದರೆ ಹಸಿ. ‘ಟಕ್’ ಅಂತ ಮುರಿದರೆ ಆಯಿತು.

ಡಬ್ಬಿಯ ಒಳಗೆ ಬೆವರು, ಬೂಷ್ಟು, ಹುಳು

ಗಾಜಿನ ಒಳಬದಿಯಲ್ಲಿ ಮಂಜು ಕಟ್ಟಿದರೆ ಬೀಜ ಒಣಗಿಲ್ಲ. ಇವತ್ತೇ ತೆಗೆದು ಮತ್ತೆ ಎರಡನೇ ಹಂತದಿಂದ ಶುರು ಮಾಡಿ. ಬೂಷ್ಟು ಒಂದೆರಡು ಬೀಜದಲ್ಲಿ ಮಾತ್ರ ಇದ್ದರೆ ಅದನ್ನು ತೆಗೆದು ಉಳಿದದ್ದನ್ನು ಒಣಗಿಸಿ, ಎಲ್ಲದಕ್ಕೂ ಹತ್ತಿದ್ದರೆ ಎಸೆಯಿರಿ. ಬೂಷ್ಟಿನ ಬೀಜ ಹುರಿದು ತಿನ್ನುವುದು ಬೇಡ.

ಫ್ರಿಜ್‌ನಲ್ಲಿ ಇಡುವುದು ಒಳ್ಳೆಯದೇ, ಬೀಜ ‘ಟಕ್’ ಅಂದ ಮೇಲೆ, ಗಾಳಿಯಾಡದ ಭರಣಿಯಲ್ಲಿ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ಭರಣಿ ಕೋಣೆಯ ಬಿಸಿಗೆ ಬರಲಿ, ಇಲ್ಲದಿದ್ದರೆ ನಮ್ಮ ಗಾಳಿಯ ನೀರೆಲ್ಲ ತಣ್ಣನೆಯ ಬೀಜದ ಮೇಲೆ ಕೂರುತ್ತದೆ. ಅಮೆರಿಕದ ಬೀಜವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಬೀಜದ ತೇವಾಂಶ ಶೇಕಡಾ 1 ಇಳಿದರೆ ಆಯುಸ್ಸು ಸುಮಾರು ಎರಡು ಪಟ್ಟು, ಇಡುವ ಜಾಗದ ಬಿಸಿ 5 ಡಿಗ್ರಿ ಇಳಿದರೂ ಹಾಗೆಯೇ. ಚೆನ್ನಾಗಿ ಒಣಗಿಸಿ ತಂಪಲ್ಲಿಟ್ಟ ಚೀನಿಕಾಯಿ ಬೀಜ ನಾಲ್ಕೈದು ವರ್ಷ ಬಾಳುತ್ತದೆ. ಭರಣಿಯ ಮೇಲೆ ತಳಿ, ವರ್ಷ, ಕೊಳೆತ ಕಾಯಿಯದ್ದು ಅನ್ನುವುದನ್ನೂ ಬರೆದು ಅಂಟಿಸಿ.

ಬೀಜ ಚೆನ್ನಾಗಿ ಕಾಣುತ್ತದೆ, ಮೊಳಕೆ ಮಾತ್ರ ಬರುವುದಿಲ್ಲ

ಪತ್ತನಾಜೆ (ಮೇ ಕೊನೆಯ ವಾರ ಬರುವ ತುಳುನಾಡಿನ ದಿನ) ಕಳೆದು ಮಳೆ ಶುರುವಾದ ಮೇಲೆ ತಿಳಿಯುವುದಕ್ಕಿಂತ ಒಂದು ತಿಂಗಳು ಮೊದಲೇ ಪರೀಕ್ಷೆ ಮಾಡಿ. ಇಪ್ಪತ್ತು ಬೀಜವನ್ನು ಒದ್ದೆ ಹತ್ತಿಬಟ್ಟೆಯಲ್ಲಿ ಸಾಲಾಗಿಟ್ಟು ಸುರುಳಿ ಸುತ್ತಿ, ಸಡಿಲವಾಗಿ ಪ್ಲಾಸ್ಟಿಕ್ಕಿನಲ್ಲಿಟ್ಟು ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿಡಿ. ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು. ನಾಲ್ಕನೇ ದಿನದಿಂದ ನೋಡಿ, ಹತ್ತನೇ ದಿನ ಲೆಕ್ಕ ಮುಗಿಸಿ. ಹನ್ನೆರಡು ಬಂದರೆ, ಅಂದರೆ ಶೇಕಡಾ 60, ಸಾಕು. ನಮ್ಮ ದೇಶದ ಬೀಜ ಪ್ರಮಾಣೀಕರಣದಲ್ಲೂ ಕುಂಬಳಕ್ಕೆ ಕೇಳುವುದು ಇಷ್ಟೇ. ಆರೇಳು ಮಾತ್ರ ಬಂದರೆ ಗುಂಡಿಗೆ ಎರಡು ಪಟ್ಟು ಹಾಕಿ, ಈ ವರ್ಷವೇ ಹೊಸ ಬೀಜ ಮಾಡಿಕೊಳ್ಳಿ. ಒಂದೆರಡೇ ಬಂದರೆ ಪ್ರತಿ ಮೊಳಕೆಯನ್ನೂ ಕವರಿನಲ್ಲಿ ಬೆಳೆಸಿ, ತಳಿ ಹಾಗಾದರೂ ಉಳಿಯಲಿ.

ಬಟ್ಟೆಯಲ್ಲಿ ಬಂದದ್ದು ಮಣ್ಣಲ್ಲಿ ಬರದಿದ್ದರೆ ದೋಷ ಬೀಜದ್ದಲ್ಲ. ನೀರು ನಿಂತು ಕೊಳೆತಿರುತ್ತದೆ, ಇಲ್ಲವೇ ಇಲಿ ಎತ್ತಿಕೊಂಡು ಹೋಗಿರುತ್ತದೆ. ಗುಡ್ಡೆ ಏರಿಸಿ, ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ಹಾಕಿ. ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದ ಪುಡಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಬೀಜಕ್ಕೆ ಹಚ್ಚಿದರೆ ಮಣ್ಣಿನ ಕೊಳೆರೋಗಕ್ಕೆ ತಡೆಯಾಗುತ್ತದೆ.

ಬಳ್ಳಿ ಬಂತು, ಕಾಯಿ ಬೇರೆ ತರ, ಇಲ್ಲವೇ ಕಹಿ

ಕಾಯಿ ಕೊಳೆತದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಪೇಟೆಯಿಂದ ತಂದ ಹೈಬ್ರಿಡ್ ಕಾಯಿಯ ಬೀಜವಾದರೆ ಮುಂದಿನ ಪೀಳಿಗೆ ಒಂದೊಂದು ಒಂದೊಂದು ತರ ಬರುತ್ತದೆ. ಊರಿನ ತಳಿಯಾದರೂ ನೆರೆಯ ಇನ್ನೊಂದು ಚೀನಿಕಾಯಿಯ ಪರಾಗ ಜೇನು ತಂದಿರಬಹುದು. ಬೂದುಕುಂಬಳ, ಸೌತೆ, ಸೋರೆಯ ಜೊತೆ ಇದು ಕೂಡುವುದಿಲ್ಲ, ಆ ಹೆದರಿಕೆ ಬೇಡ.

ಕಹಿ ಬಂದರೆ ಮಾತ್ರ ಬೇರೆ ವಿಷಯ. ಉಳಿಸಿದ ಬೀಜದ ಬಳ್ಳಿಯ ಮೊದಲ ಕಾಯಿ ಕತ್ತರಿಸಿದಾಗ ಚೂರು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ ಇದ್ದರೆ ಉಗಿದು ಬಾಯಿ ತೊಳೆಯಿರಿ. ಅದು ಕುಕುರ್ಬಿಟಾಸಿನ್ ಅನ್ನುವ ವಿಷ, ಬೇಯಿಸಿದರೂ ಬೆಲ್ಲ ಹಾಕಿದರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ಜೀವ ಹೋದದ್ದು ನಮ್ಮ ದೇಶದಲ್ಲೇ ಆಗಿದೆ. ಆ ಬಳ್ಳಿಯನ್ನು ಕಿತ್ತುಹಾಕಿ, ಅದರ ಬೀಜ ಇಡಬೇಡಿ. ಗೊತ್ತಿಲ್ಲದೆ ತಿಂದು ಹೊಟ್ಟೆನೋವು, ವಾಂತಿ, ಭೇದಿ ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಕಹಿ ಕಾಯಿ ತಿಂದದ್ದು ಅಂತ ಡಾಕ್ಟರಿಗೆ ಹೇಳಿ, ಉಳಿದ ತುಂಡಿದ್ದರೆ ಜೊತೆಗೆ ಒಯ್ಯಿರಿ.